ಶೋರೂಮಲ್ಲಿ ಸೂಪರ್, ಮನೇಲಿ ಗುಂಯ್: ಸ್ಪೀಕರ್ ಬಗ್ಗೆ ನಿಮ್ಮ ಪ್ರಶ್ನೆಗಳು

ಈ ಸಲ ಬಂದಿರೋ ಪತ್ರಗಳಲ್ಲಿ ಮುಕ್ಕಾಲು ಪಾಲು ಸ್ಪೀಕರ್ ಬಗ್ಗೇನೇ. ಅದರಲ್ಲೂ ದುಬಾರಿ ಸ್ಪೀಕರ್, ಜೋಡಿಗೆ ಲಕ್ಷದ ಮೇಲಿನ ವ್ಯವಹಾರ. ಹಾಗಾಗಿ ಟಿವಿ, ಸೌಂಡ್‌ಬಾರ್, ಬ್ಲೂಟೂತ್ ಡಬ್ಬಿಗಳ ಬಗ್ಗೆ ಕೇಳಿದೋರು ಸ್ವಲ್ಪ ತಡ್ಕೊಳಿ, ಮುಂದಿನ ಸಂಚಿಕೆಗೆ ಇಟ್ಕೊಂಡಿದೀನಿ.

ಪ್ರಶ್ನೆ: ಸರ್, ಮನೆ ಸಾಲ ಮುಗೀತು, ಬಹಳ ವರ್ಷದ ಆಸೆ ಅಂತ ಒಂದು ಒಳ್ಳೆ ಸ್ಟೀರಿಯೋ ಸೆಟ್ ಮಾಡ್ಕೊಳೋಣ ಅಂತಿದೀನಿ. ಸ್ಪೀಕರ್‌ಗೇ ಅಂತ ನಾಲ್ಕು ಲಕ್ಷ ಎತ್ತಿಟ್ಟಿದೀನಿ. ಒಂದು ಅಂಗಡೀಲಿ ಕೆಇಎಫ್ ಕೇಳ್ದೆ, ಒಂದು ಕಡೆ ಬಿ ಅಂಡ್ ಡಬ್ಲ್ಯೂ, ಇನ್ನೊಂದು ಕಡೆ ಹಾರ್ಬೆತ್. ಎಲ್ಲಿ ಕೂತ್ರೆ ಅಲ್ಲಿ ಅದೇ ಬೆಸ್ಟ್ ಅನ್ಸುತ್ತೆ, ಮನೆಗೆ ಬಂದ್ಮೇಲೆ ಯಾವುದು ಹೇಗಿತ್ತು ಅಂತಾನೇ ನೆನಪಾಗಲ್ಲ. ಹೋಲಿಸಿ ನೋಡೋದು ಹೇಗೆ? (ಓದುಗರು, ಬನಶಂಕರಿ, ಬೆಂಗಳೂರು)

ಉತ್ತರ: ನಿಮ್ಮ ಕಿವಿಗೆ ಏನೂ ಆಗಿಲ್ಲ ಬಿಡಿ. ಸೌಂಡಿನ ಸಣ್ಣ ಸಣ್ಣ ವ್ಯತ್ಯಾಸ ತಲೇಲಿ ಉಳಿಯೋದು ಕೆಲವೇ ಸೆಕೆಂಡು, ಎಲ್ಲರಿಗೂ ಅಷ್ಟೇ, ಜೀವಮಾನ ಸ್ಟುಡಿಯೋದಲ್ಲಿ ಕಳೆದೋರಿಗೂ ಅಷ್ಟೇ. ಜಯನಗರದಲ್ಲಿ ಒಂದು ಕೇಳಿ, ಟ್ರಾಫಿಕ್ಕಲ್ಲಿ ಒದ್ದಾಡ್ಕೊಂಡು ಇಂದಿರಾನಗರಕ್ಕೆ ಹೋಗಿ ಇನ್ನೊಂದು ಕೇಳೋ ಹೊತ್ತಿಗೆ ಮೊದಲನೇದರ ಸೌಂಡ್ ನೆನಪಿರಲ್ಲ, 'ಚೆನ್ನಾಗಿತ್ತು' ಅಂತ ನೀವು ಅಂದ್ಕೊಂಡಿದ್ದು ಮಾತ್ರ ನೆನಪಿರುತ್ತೆ. ಅದೂ ಅಲ್ದೆ ಮೂರು ಅಂಗಡಿ ಅಂದ್ರೆ ಮೂರು ರೂಮು, ಮೂರು ಆಂಪ್ಲಿಫೈಯರ್ರು, ಮೂರು ಥರ ಹಾಡು, ಮೂರು ವಾಲ್ಯೂಮು. ನೀವು ಹೋಲಿಸಿದ್ದು ಅಂಗಡಿಗಳನ್ನ, ಸ್ಪೀಕರ್‌ಗಳನ್ನಲ್ಲ.

ಎಲ್ಲಕ್ಕಿಂತ ದೊಡ್ಡ ಮೋಸ ಮಾಡೋದು ವಾಲ್ಯೂಮು. ಒಂದು ಸ್ಪೀಕರ್ ಇನ್ನೊಂದಕ್ಕಿಂತ ಒಂದು ಡೆಸಿಬೆಲ್ (ಡಿಬಿ, ಶಬ್ದದ ಅಳತೆ) ಜೋರಾಗಿದ್ರೆ ನಮಗೆ 'ಇದು ಜೋರಾಗಿದೆ' ಅಂತ ಅನ್ಸೋದೇ ಇಲ್ಲ, 'ಇದು ಕ್ಲಿಯರ್ ಆಗಿದೆ, ಇದರಲ್ಲಿ ಜೀವ ಇದೆ' ಅನ್ಸುತ್ತೆ. ಸೌಂಡ್ ಕಮ್ಮಿ ಇದ್ದಾಗ ನಮ್ಮ ಕಿವಿಗೆ ಬೇಸ್ ಇನ್ನೂ ಕಮ್ಮಿ ಕೇಳ್ಸುತ್ತೆ, ಜೋರು ಮಾಡ್ದಷ್ಟೂ ತುಂಬ್ಕೊಂಡು ಬರುತ್ತೆ. 1933ರಲ್ಲೇ ಬೆಲ್ ಲ್ಯಾಬ್ಸ್‌ನ ಫ್ಲೆಚರ್ ಮತ್ತು ಮನ್ಸನ್ ಇದನ್ನ ಅಳೆದು ಗ್ರಾಫ್ ಹಾಕಿ ಇಟ್ಟಿದಾರೆ. ಅಂಗಡಿಯವರು ಬೇಕೂಂತ ಮೋಸ ಮಾಡ್ಬೇಕಾಗೇ ಇಲ್ಲ, ಒಂದು ಸ್ಪೀಕರ್‌ನ ಸೆನ್ಸಿಟಿವಿಟಿ (ಅಷ್ಟೇ ಪವರಿಗೆ ಎಷ್ಟು ಜೋರಾಗಿ ಕೇಳ್ಸುತ್ತೆ ಅನ್ನೋದು) 85 ಡಿಬಿ, ಇನ್ನೊಂದರದ್ದು 89 ಅಂತಿದ್ರೆ, ವಾಲ್ಯೂಮ್ ನಾಬ್ ಮುಟ್ಟದೇ ವೈರ್ ಬದಲಾಯಿಸಿದ್ರೂ ನಾಲ್ಕು ಡಿಬಿ ವ್ಯತ್ಯಾಸ ಬಂತಲ್ಲ. 89ರದ್ದು ಗೆದ್ದ ಹಾಗೇ ಲೆಕ್ಕ.

ಅದಕ್ಕೆ ಹೀಗೆ ಮಾಡಿ. ಫೋನಲ್ಲಿ ಡಿಬಿ ತೋರ್ಸೋ ಒಂದು ಆಪ್ ಹಾಕ್ಕೊಳಿ, ಪಿಂಕ್ ನಾಯ್ಸ್ ಅಂತ ಒಂದು ಫೈಲ್ ಸಿಗುತ್ತೆ, ಮಳೆ ಸುರಿದ ಹಾಗೆ ಶಬ್ದ, ಅದನ್ನ ಪ್ಲೇ ಮಾಡಿಸಿ. ನೀವು ಕೂರೋ ಜಾಗದಲ್ಲಿ, ನಿಮ್ಮ ಕಿವಿ ಎತ್ತರಕ್ಕೆ ಫೋನ್ ಇಟ್ಟು (ಕೈಯಲ್ಲಿ ಹಿಡ್ಕೋಬೇಡಿ, ಏನಾದ್ರೂ ಸ್ಟ್ಯಾಂಡ್ ಮೇಲಿಡಿ) ಒಂದು ಸ್ಪೀಕರ್ ಎಷ್ಟು ತೋರ್ಸುತ್ತೆ ನೋಡಿ, ಇನ್ನೊಂದನ್ನೂ ಅಷ್ಟಕ್ಕೇ ತನ್ನಿ. ಫೋನ್ ತೋರ್ಸೋ ನಂಬರ್ ನಿಖರ ಅಲ್ದೇ ಇರಬಹುದು, ಪರವಾಗಿಲ್ಲ, ನಮಗೆ ಬೇಕಾಗಿರೋದು ಎರಡೂ ಸಮ ಇರೋದು ಅಷ್ಟೇ. ಅರ್ಧ ಡಿಬಿ ಒಳಗೆ ಬಂದ್ರೆ ಸಾಕು. ಯಾವುದಕ್ಕೆ ವಾಲ್ಯೂಮ್ ಎಷ್ಟಿತ್ತು ಅಂತ ಬರೆದಿಟ್ಕೊಳಿ. ಅಂಗಡಿಯವರು ವಿಚಿತ್ರವಾಗಿ ನೋಡ್ತಾರೆ, ನೋಡ್ಲಿ, ನಾಲ್ಕು ಲಕ್ಷ ಕೊಡ್ತಿರೋದು ನೀವು.

ಎರಡನೇದು ಕಣ್ಣು. 1994ರಲ್ಲಿ ಅಮೆರಿಕದ ಹರ್ಮನ್ ಕಂಪನೀಲಿ ಶಾನ್ ಆಲಿವ್ ಮತ್ತು ಫ್ಲಾಯ್ಡ್ ಟೂಲ್ ಒಂದು ಪ್ರಯೋಗ ಮಾಡಿದ್ರು. ಅದೇ ಜನ, ಅದೇ ಸ್ಪೀಕರ್‌ಗಳು, ಒಂದ್ಸಲ ಪರದೆ ಹಿಂದೆ ಇಟ್ಟು ಕೇಳ್ಸಿದ್ರು, ಒಂದ್ಸಲ ಕಣ್ಣೆದುರಿಗೇ ಇಟ್ಟು. ಕಣ್ಣಿಗೆ ಕಂಡಾಗ ದೊಡ್ಡದು, ದುಬಾರಿದು, ಚೆಂದಕ್ಕಿರೋದು ಮಾರ್ಕ್ಸ್ ಜಾಸ್ತಿ ತಗೊಂಡ್ವು. ಪರದೆ ಹಾಕಿದಾಗ ಆ ಅಂತರ ಕರಗಿಹೋಯ್ತು. ಅಷ್ಟೇ ಅಲ್ಲ, ಪರದೆ ಇದ್ದಾಗ ಸ್ಪೀಕರ್ ಜಾಗ ಬದಲಾಯಿಸಿದ್ರೆ, ಹಾಡು ಬದಲಾಯಿಸಿದ್ರೆ ಜನ ಕೊಡೋ ಅಂಕಾನೂ ಬದಲಾಗ್ತಿತ್ತು, ಕಣ್ಣಿಗೆ ಕಂಡಾಗ ಅದೂ ಇಲ್ಲ, ಮೊದಲೇ ತೀರ್ಮಾನ ಆಗೋಗಿತ್ತು. ಇವರೆಲ್ಲ ಆ ಕಂಪನೀಲೇ ಕೆಲಸ ಮಾಡೋರು ಅನ್ನೋದು ನೆನಪಿಟ್ಕೊಳಿ, ಸೌಂಡಿನ ಗಂಧಗಾಳಿ ಇಲ್ದೋರಲ್ಲ. ಆಮೇಲೆ ಅವರು ಸ್ಪೀಕರ್‌ಗಳನ್ನ ಕೆಲವೇ ಸೆಕೆಂಡಲ್ಲಿ ಒಂದೇ ಜಾಗಕ್ಕೆ ಸರಿಸೋ ಯಂತ್ರಾನೇ ಕಟ್ಕೊಂಡ್ರು. ನಮಗೆ ಯಂತ್ರ ಬೇಡ, ಒಬ್ಬ ಸ್ನೇಹಿತರನ್ನ ಕರ್ಕೊಂಡು ಹೋಗಿ, ಕಣ್ಣು ಮುಚ್ಕೊಂಡು ಕೂತ್ಕೊಳಿ, ಯಾವುದು ಓಡ್ತಿದೆ ಅಂತ ಹೇಳ್ದೇ ಬದಲಾಯ್ಸೋಕೆ ಹೇಳಿ. ಭಾನುವಾರ ಹೋಗ್ಬೇಡಿ, ವಾರದ ದಿನ ಬೆಳಿಗ್ಗೆ ಅಂಗಡಿ ಖಾಲಿ ಇರುತ್ತೆ, ಹುಡುಗರಿಗೂ ಸ್ಪೀಕರ್ ಎತ್ತಿಡೋಕೆ ಬೇಜಾರಿರಲ್ಲ.

ಇನ್ನೊಂದು, ಇದನ್ನ ಯಾರೂ ಮಾಡಲ್ಲ: ಮೊದಲು ಒಂದೊಂದೇ ಸ್ಪೀಕರ್ ಕೇಳಿ, ಮೊನೊದಲ್ಲಿ. ಜೋಡಿ ಹಾಕಿದಾಗ ಆ ಅಗಲ, ಆ ಸ್ಟೇಜು ನಮ್ಮನ್ನ ಮರುಳು ಮಾಡಿ ತಪ್ಪುಗಳನ್ನ ಮುಚ್ಚಿಬಿಡುತ್ತೆ, ಒಂಟಿ ಸ್ಪೀಕರಲ್ಲಿ ಮೂಗಿನ ಸ್ವರ, ಡಬ್ಬಿ ಸ್ವರ ಎಲ್ಲ ಬತ್ತಲೆ. ಟೂಲ್ ವರ್ಷಗಟ್ಟಲೆ ಪರೀಕ್ಷೆ ಮಾಡಿ ಹೇಳಿರೋದೂ ಇದನ್ನೇ.

ನೀವು ಹೇಳಿದ ಮೂರರ ಬಗ್ಗೆ ನನ್ನ ಅಭಿಪ್ರಾಯ ಕೇಳಿದ್ರೆ, ಮೂರೂ ಇಂಗ್ಲೆಂಡಿನ ಹಳೇ ಮನೆತನಗಳು. ಕೆಇಎಫ್ 1961ರದ್ದು, ಶುರು ಮಾಡಿದ ರೇಮಂಡ್ ಕುಕ್ ಬಿಬಿಸೀಲಿ ಇದ್ದೋರು, ಹಾರ್ಬೆತ್ 1977ರದ್ದು, ಅದರ ಹಾರ್ವುಡ್ ಕೂಡ ಬಿಬಿಸಿಯವರೇ. ಬಿ ಅಂಡ್ ಡಬ್ಲ್ಯೂ 1966ರದ್ದು. ಕೆಇಎಫ್‌ನಲ್ಲಿ ಟ್ವೀಟರ್ (ಮೇಲಿನ ಸ್ವರ ನುಡಿಸೋ ಸಣ್ಣ ಭಾಗ) ಮಧ್ಯದ ಸ್ವರ ನುಡಿಸೋ ಮಿಡ್ ಕೋನ್‌ನ ನಡುಮಧ್ಯ ಕೂತಿರುತ್ತೆ, ಅದಕ್ಕೇ ಪಕ್ಕದ ಸೋಫಾದಲ್ಲಿ ಕೂತೋರಿಗೂ ಸೌಂಡ್ ಹೆಚ್ಚುಕಮ್ಮಿ ಒಂದೇ ಥರ ಬರುತ್ತೆ, ಮನೆಮಂದಿ ಎಲ್ಲ ಕೇಳ್ತಾರೆ ಅಂದ್ರೆ ಇದು ದೊಡ್ಡ ಲಾಭ. ಹಾರ್ಬೆತ್ ಡಬ್ಬಿ ಹಲಗೇನ ತೆಳ್ಳಗೆ ಇಟ್ಟು ಅದರ ಅದುರು ತಗ್ಗಿಸೋ (ಡ್ಯಾಂಪ್ ಮಾಡೋ) ಬಿಬಿಸಿ ಪದ್ಧತಿ, ಗಾಯನಕ್ಕೆ ಸೊಗಸು, ಆದ್ರೆ ಸ್ಟ್ಯಾಂಡ್ ಬೇಕೇ ಬೇಕು. ಬಿ ಅಂಡ್ ಡಬ್ಲ್ಯೂನ ಇತ್ತೀಚಿನ ಮಾಡೆಲ್‌ಗಳಲ್ಲಿ ಟ್ರೆಬಲ್ (ಮೇಲಿನ ಸ್ವರಗಳು) ಸ್ವಲ್ಪ ಮುಂದು, ಶೋರೂಮಿನ ದಪ್ಪ ಕಾರ್ಪೆಟ್ ಮೇಲೆ ಅದು ಮಿಂಚುತ್ತೆ, ನಮ್ಮ ಮನೆಗಳ ವಿಟ್ರಿಫೈಡ್ ಟೈಲ್ಸ್ ಮೇಲೆ ಅದೇ ಮಿಂಚು ಸಂಜೆ ಹೊತ್ತಿಗೆ ತಲೆನೋವಾಗಬಹುದು. ಅಂಗಡಿ ಲೈಟಲ್ಲಿ ಸೀರೆ ಆರಿಸಿದ ಹಾಗೆ ಇದು, ಬಾಗಿಲ ಹತ್ರ ಬೆಳಕಿಗೆ ತಂದು ನೋಡ್ಲೇಬೇಕು. ಅಂದ್ರೆ ಹೋಂ ಡೆಮೊ. ಈ ರೇಟಿನ ಸ್ಪೀಕರ್‌ಗೆ ಕೇಳೋದ್ರಲ್ಲಿ ಸಂಕೋಚ ಏನೂ ಬೇಡ, ಅಡ್ವಾನ್ಸ್ ಕೊಟ್ಟು ವಾರಾಂತ್ಯಕ್ಕೆ ಮನೆಗೆ ತರಿಸ್ಕೊಳಿ. ಕೊಡಲ್ಲ ಅಂದ್ರೆ ಇನ್ನೊಂದು ಅಂಗಡಿ.

ಪ್ರಶ್ನೆ: ನಮಸ್ಕಾರ ರೀ ಸರ, ನಮ್ಮ ಮನ್ಯಾಗ ಕೇಳೋದೆಲ್ಲ ಹಿಂದೂಸ್ತಾನಿ. ಡೆಮೊ ಕೇಳಾಕ ಹೋದ್ರ ಬರೇ ಇಂಗ್ಲಿಷ್ ಹಾಡು, ಗಿಟಾರ್ ಹಾಕಿ ತೋರಸ್ತಾರ, ಎಲ್ಲಾ ಮಸ್ತ್ ಅನಸ್ತದ. ನಮಗ ಬೇಕಾದ್ದು ತಂಬೂರಿ, ತಬಲಾ, ಗಾಯನ. ಎಂಥಾ ರೆಕಾರ್ಡಿಂಗ್ ಒಯ್ಯಬೇಕು, ಏನ್ ಲಕ್ಷ್ಯ ಕೊಟ್ಟು ಕೇಳಬೇಕ್ರಿ? (ಓದುಗರು, ಧಾರವಾಡ)

ಉತ್ತರ: ಈ ತಿಂಗಳ ಅತ್ಯುತ್ತಮ ಪ್ರಶ್ನೆ ನಿಮ್ಮದೇ ರೀ. ಆ ಡೆಮೊ ಹಾಡುಗಳನ್ನ ಆರಿಸೋದೇ ಯಾವ ಸ್ಪೀಕರಲ್ಲೂ ಕೆಟ್ಟದಾಗಿ ಕೇಳ್ಸಬಾರದು ಅಂತ. ಒಂದು ಹೆಣ್ಣು ದನಿ, ಒಂದು ಗಿಟಾರ್, ಹಿಂದೆ ಮೆತ್ತಗೆ ಒಂದು ಬೇಸ್, ಇಷ್ಟನ್ನ ಕೆಡಿಸೋದೇ ಕಷ್ಟ.

ನಮ್ಮ ಸಂಗೀತದಷ್ಟು ಕಠಿಣ ಪರೀಕ್ಷೆ ಇನ್ನೊಂದಿಲ್ಲ ಅಂತೀನಿ ನಾನು. ತಂಬೂರಿಯಿಂದಲೇ ಶುರು ಮಾಡಿ. ಸ್ವಲ್ಪ ಬಾಗಿರೋ ಬ್ರಿಡ್ಜ್ ಮೇಲೆ ತಂತಿ ಕೆಳಗೆ ಆ ದಾರ ಸರಿಸಿ ಜೀವಾರಿ ಕೂರಿಸ್ತಾರಲ್ಲ, ಅಲ್ಲಿಂದ ಒಂದೊಂದು ತಂತಿಯಿಂದ್ಲೂ ಮೇಲಿನ ಸ್ವರಗಳು ಮಾಲೆ ಮಾಲೆಯಾಗಿ ಎದ್ದು ಬರ್ತವೆ. ಒಳ್ಳೆ ಸ್ಪೀಕರಲ್ಲಿ ತಂತಿ ಮೀಟಿದ ಮೇಲೆ ಆ ಮಾಲೆ ನಿಧಾನಕ್ಕೆ ಬಿಚ್ಕೊಳೋದು ಕೇಳ್ಸುತ್ತೆ, ಗಾಯಕರು ಬಂದ್ಮೇಲೂ ಅದು ಹಿಂದೆ ಬೇರೆಯಾಗಿ ನಿಂತಿರುತ್ತೆ. ಕಳಪೇದ್ರಲ್ಲಿ ಅದು ಬರೀ ಒಂದು ಝೇಂಕಾರ, ಫ್ಯಾನ್ ಶಬ್ದದ ಹಾಗೆ. ದನಿ ಶುರುವಾದ ತಕ್ಷಣ ತಂಬೂರಿ ಮಾಯ ಆಯ್ತು ಅಂದ್ರೆ ಆ ಸ್ಪೀಕರ್ ಬಿಟ್ಟು ಮುಂದಕ್ಕೆ ಹೋಗಿ.

ಆಮೇಲೆ ತಬಲಾ. ಸಾಮಾನ್ಯ ಡೋಲು, ಡ್ರಮ್ಮುಗಳಲ್ಲಿ ಮೇಲಿನ ಸ್ವರಗಳು ಒಂದಕ್ಕೊಂದು ಹೊಂದಲ್ಲ, ಅದಕ್ಕೇ ಅವು ಬರೀ 'ಧಬ್'. ನಮ್ಮ ತಬಲಾ, ಮೃದಂಗದಲ್ಲಿ ಆ ಕಪ್ಪು ಶಾಯಿ, ಕರಣೆ ಇದೆಯಲ್ಲ, ಅದು ಆ ಸ್ವರಗಳನ್ನ ಶ್ರುತಿಗೆ ಹೊಂದಿಸಿಬಿಡುತ್ತೆ. 1920ರಲ್ಲೇ ಸಿ.ವಿ. ರಾಮನ್ ಇದನ್ನ ನೇಚರ್ ಪತ್ರಿಕೇಲಿ ಬರೆದಿದ್ರು. ಅಂದ್ಮೇಲೆ ದಾಯಾಂದ (ಬಲಗೈ ತಬಲಾ) 'ನಾ' ಹೊಡೆದಾಗ ಷಡ್ಜ ಕಿವಿಗೆ ಕಾಣ್ಬೇಕು, ಬರೀ ಟಕ್ ಅನ್ನಬಾರದು. ಬಹಳ ಸ್ಪೀಕರ್‌ಗಳಲ್ಲಿ ಎರಡು ಮೂರು ಸಾವಿರ ಹರ್ಟ್ಜ್ ಹತ್ರ ವೂಫರ್ (ಕೆಳಗಿನ ಸ್ವರ ನುಡಿಸೋ ದೊಡ್ಡ ಕೋನ್) ಕೈಬಿಟ್ಟು ಟ್ವೀಟರ್ ಹಿಡ್ಕೊಳುತ್ತೆ, ಅಲ್ಲಿ ಜೋಡಣೆ ಸರಿ ಇಲ್ದಿದ್ರೆ ಪೆಟ್ಟು ಒಂದು ಕಡೆ ಸ್ವರ ಇನ್ನೊಂದು ಕಡೆ ಆಗುತ್ತೆ. ಬಾಯಾಂದ (ಎಡಗೈದು) ಮೀಂಡ್ ಇನ್ನೊಂದು ಪರೀಕ್ಷೆ. ಮಣಿಕಟ್ಟು ಒತ್ತಿ ಜಾರಿಸಿದಾಗ ಆ ಗುಮುಕು ಕೆಳಗಿಂದ ಮೇಲಕ್ಕೆ ಒಂದೇ ಸಮ ಜಾರ್ಬೇಕು, ನಡುವೆ ಎಲ್ಲೋ ಒಂದು ಕಡೆ ಉಬ್ಬಿ ಇನ್ನೊಂದು ಕಡೆ ಕಾಣೆಯಾದ್ರೆ ಅದು ಸ್ಪೀಕರಿಂದೋ ರೂಮಿಂದೋ ತಪ್ಪು. ಹಾರ್ಮೋನಿಯಂ ಇದ್ರೆ ಅದೂ ಒಳ್ಳೇದೇ, ಟ್ರೆಬಲ್ ಜಾಸ್ತಿ ಇರೋ ಸ್ಪೀಕರಲ್ಲಿ ರೀಡು ಕಿವಿ ಚುಚ್ಚೋಕೆ ಶುರು ಮಾಡುತ್ತೆ.

ಗಾಯನಕ್ಕೆ ನಿಮ್ಮೂರ ಕಡೆಯವರನ್ನೇ ತಗೊಂಡು ಹೋಗಿ. ಗಂಗೂಬಾಯಿ ಹಾನಗಲ್ ಅವರ ದನಿ ನನ್ನ ಮಟ್ಟಿಗೆ ಅತಿ ಒಳ್ಳೆ ತಕ್ಕಡಿ. ಆ ಗಟ್ಟಿತನ, ಆ ತೂಕ ತೆಳ್ಳಗಿನ ಸ್ಪೀಕರಲ್ಲಿ ಸೊರಗಿಹೋಗುತ್ತೆ, ಬೇಸ್ ಉಬ್ಬಿಸಿರೋ ಸ್ಪೀಕರಲ್ಲಿ ಗಂಡಸು ಹಾಡಿದ ಹಾಗೇ ಆಗಿಬಿಡುತ್ತೆ, ಎರಡರ ನಡುವೆ ಸರಿಯಾಗಿ ನಿಲ್ಸೋ ಸ್ಪೀಕರ್ ಸಿಕ್ರೆ ಅರ್ಧ ಕೆಲಸ ಆಯ್ತು. ಮಲ್ಲಿಕಾರ್ಜುನ ಮನಸೂರರದ್ದು ಹಳೇ ಮೊನೊ ರೆಕಾರ್ಡಿಂಗ್ ಇದ್ರೆ ಅದನ್ನೂ ಒಯ್ರಿ, 'ಇಷ್ಟು ದುಬಾರಿ ಸ್ಪೀಕರಲ್ಲಿ ಹಳೇ ರೆಕಾರ್ಡಾ' ಅಂತ ನಕ್ರೆ ನಗ್ಲಿ. ಮೊನೊ ಅಂದ್ರೆ ಎರಡೂ ಸ್ಪೀಕರಿಗೆ ಒಂದೇ ಸೌಂಡ್, ಅದನ್ನ ಹಾಕಿದಾಗ ಎರಡು ಸ್ಪೀಕರ್ ನಡುವೆ ದನಿ ಒಂದೇ ಬಿಂದುವಲ್ಲಿ ನಿಲ್ಬೇಕು, ತಾನ್ ತಗೊಂಡಾಗ ಆಚೆ ಈಚೆ ಓಡಾಡಬಾರದು. ಓಡಾಡಿದ್ರೆ ಆ ಜೋಡಿ ಒಂದಕ್ಕೊಂದು ಮ್ಯಾಚ್ ಇಲ್ಲ, ಇಲ್ಲಾ ಇಟ್ಟಿರೋದು ವಾರೆಯಾಗಿದೆ. ಹಿಸ್ ಶಬ್ದ ಇದ್ದೇ ಇರುತ್ತೆ, ಒಳ್ಳೆ ಸ್ಪೀಕರ್ ಅದನ್ನ ಅಡಗಿಸಲ್ಲ, ದನಿಯಿಂದ ಬೇರೆ ಮಾಡಿ ಪಕ್ಕಕ್ಕಿಡುತ್ತೆ.

ಒಂದೇ ಎಚ್ಚರ. ಸಭಾಭವನದಲ್ಲಿ ಮೈಕಲ್ಲಿ ಕೇಳಿದ್ದನ್ನ ಅಳತೆಗೋಲು ಮಾಡ್ಕೋಬೇಡಿ, ಅಲ್ಲಿ ನೀವು ಕೇಳೋದೂ ಸ್ಪೀಕರನ್ನೇ. ಧಾರವಾಡದಲ್ಲಿ ಇನ್ನೂ ಯಾರದಾದ್ರೂ ಮನೆ ಪಡಸಾಲೇಲಿ ಮೈಕಿಲ್ಲದ ಬೈಠಕ್ ಆಗ್ತಾವಲ್ಲ, ಅಲ್ಲಿ ಹತ್ರ ಕೂತು ಕೇಳಿದ್ದು ಅಳತೆಗೋಲು. ಬೆಂಗಳೂರಲ್ಲಿ ನಮಗೆ ಆ ಭಾಗ್ಯ ಅಪರೂಪ.

ಪ್ರಶ್ನೆ: ಅಮೆರಿಕದ ರಿವ್ಯೂಗಳಲ್ಲಿ ಎಲ್ಲರೂ ಹೊಗಳಿದ ಫ್ಲೋರ್‌ಸ್ಟ್ಯಾಂಡರ್ (ನೆಲದ ಮೇಲೇ ನಿಲ್ಲೋ ಎತ್ತರದ) ಸ್ಪೀಕರ್ ತಗೊಂಡೆ, ಶೋರೂಮಲ್ಲೂ ಸೂಪರಾಗಿತ್ತು. ಮನೇಲಿ ಬೇಸ್ ಬಂದ್ರೆ ಸಾಕು ಗುಂಯ್ ಅಂತ ಇಡೀ ರೂಮ್ ತುಂಬ್ಕೊಳುತ್ತೆ, ಮಾತೂ ಸ್ಪಷ್ಟ ಇಲ್ಲ. ರೂಮು 12 ಅಡಿ 14 ಅಡಿ, ಎತ್ತರ 10 ಅಡಿ, ರೆಡ್ ಆಕ್ಸೈಡ್ ನೆಲ, ಆರ್‌ಸಿಸಿ ಮೇಲ್ಛಾವಣಿ. ಸ್ಪೀಕರ್ ಮಾರಿಬಿಡ್ಲಾ? (ಓದುಗರು, ಕುವೆಂಪುನಗರ, ಮೈಸೂರು)

ಉತ್ತರ: ಮಾರೋ ಮಾತು ಬೇಡ, ಇನ್ನೂ ಏನೂ ಮಾಡಿಲ್ಲ ನೀವು. ರಿವ್ಯೂ ಬರೆದೋರು ಕೂತಿರೋ ಅಮೆರಿಕದ ಮನೆ ಗೋಡೆ ಮರದ ಚೌಕಟ್ಟಿಗೆ ಜಿಪ್ಸಂ ಹಲಗೆ ಹೊಡೆದಿರೋದು, ಬೇಸ್ ಅರ್ಧ ಆ ಗೋಡೇನ ಅಲ್ಲಾಡಿಸೋದ್ರಲ್ಲಿ, ಆಚೆ ಸೋರೋದ್ರಲ್ಲಿ ಖರ್ಚಾಗಿಹೋಗುತ್ತೆ. ನಮ್ಮದು ಇಟ್ಟಿಗೆ ಗೋಡೆ, ಕಾಂಕ್ರೀಟ್ ತಾರಸಿ. ಒಳಗೆ ಬಂದ ಬೇಸ್ ಎಲ್ಲಿಗೆ ಹೋಗ್ಬೇಕು? ಅಲ್ಲೇ ಸುತ್ತುತ್ತೆ.

ಸುತ್ತೋದಕ್ಕೂ ಲೆಕ್ಕ ಇದೆ. 563ನ್ನ ನಿಮ್ಮ ರೂಮಿನ ಅಳತೆಯಿಂದ (ಅಡಿಗಳಲ್ಲಿ) ಭಾಗಿಸಿ. 14 ಅಡಿಗೆ ಸುಮಾರು 40 ಹರ್ಟ್ಜ್, 12 ಅಡಿಗೆ 47, 10 ಅಡಿ ಎತ್ತರಕ್ಕೆ 56. ಇವುಗಳಲ್ಲಿ ನಿಮ್ಮ ರೂಮೇ ಒಂದು ವಾದ್ಯ, ಮತ್ತೆ ಇವುಗಳ ದುಪ್ಪಟ್ಟಲ್ಲೂ, 80, 94, 112 ಹೀಗೆ. ನಿಮ್ಮ ಸ್ಪೀಕರ್ 40ರ ತನಕ ಇಳಿಯೋ ಫ್ಲೋರ್‌ಸ್ಟ್ಯಾಂಡರ್ ಅಲ್ವಾ, ರೂಮಿನ ಈ ಗುಂಯ್‌ಗುಡೋ ಸ್ವರಗಳನ್ನೆಲ್ಲ (ಇವಕ್ಕೆ ಮೋಡ್ ಅಂತಾರೆ) ಎಬ್ಬಿಸಿ ಕೂರಿಸಿದೆ ಅದು. ಶೋರೂಮ್ ದೊಡ್ಡದು, ಅಲ್ಲಿ ಈ ನಂಬರ್‌ಗಳು ಇನ್ನೂ ಕೆಳಗಿರ್ತವೆ, ಸೋಫಾ, ಕಾರ್ಪೆಟ್, ಫೋಮ್ ಎಲ್ಲ ಬೇರೆ.

ಮೊದಲು ದುಡ್ಡಿಲ್ಲದ ಕೆಲಸ. ಕುರ್ಚಿ ಹಿಂದಿನ ಗೋಡೆಗೆ ಆನಿಸಿದೀರ ಅಂತ ನನಗೆ ಗುಮಾನಿ, ಗೋಡೆ ಹತ್ರ ಬೇಸ್ ಅತಿ ಜಾಸ್ತಿ, ರೂಮಿನ ಸರಿ ಮಧ್ಯ ಅತಿ ಕಮ್ಮಿ. 14 ಅಡಿ ಉದ್ದಕ್ಕೆ ಹಿಂದಿನ ಗೋಡೆಯಿಂದ ಐದು ಐದೂಕಾಲು ಅಡಿ ಮುಂದೆ ಕೂತು ನೋಡಿ. ಸ್ಪೀಕರನ್ನ ಮೂಲೆಯಿಂದ ಎಳೀರಿ. ಸ್ಪೀಕರಿನ ಹಿಂದಿನ ಗೋಡೆಯಿಂದ ಮೂರಡಿ, ಪಕ್ಕದ ಗೋಡೆಯಿಂದ ಎರಡೂವರೆ, ಎರಡೂ ಅಂತರ ಒಂದೇ ಆಗದ ಹಾಗೆ. ಗೋಡೆಗೆ ಹೋಗಿ ವಾಪಸ್ ಬರೋ ಅಲೆ ಕೆಲವು ಸ್ವರಗಳನ್ನ ನುಂಗುತ್ತೆ, ಮೂರಡಿಗೆ ಸುಮಾರು 94 ಹರ್ಟ್ಜ್ ಹತ್ರ, ಅಂತರ ಎರಡೂ ಕಡೆ ಒಂದೇ ಆದ್ರೆ ಎರಡು ಸಲ ಅದೇ ಸ್ವರ ನುಂಗಿಹೋಗುತ್ತೆ. ಡಬ್ಬಿ ಹಿಂದೆ ರಂಧ್ರ ಇದ್ರೆ ಸ್ಪೀಕರ್ ಜೊತೆ ಫೋಮಿನ ಬಿರಡೆ ಬಂದಿರುತ್ತೆ, ತುರುಕಿ ಕೇಳಿ. ಕಾಲ್ಚೀಲ ಸುತ್ತಿ ಹಾಕಿದ್ರೂ ನಡೆಯುತ್ತೆ, ನಗಬೇಡಿ, ನಿಜವಾಗ್ಲೂ ನಡೆಯುತ್ತೆ.

ಇನ್ನೊಂದು ಕೆಲಸ: 20ರಿಂದ 200 ಹರ್ಟ್ಜ್ ತನಕ ನಿಧಾನಕ್ಕೆ ಏರೋ ಸೈನ್ ಸ್ವೀಪ್ ಒಂದು ಹಾಕಿ, ಜೋರಾಗಿ ಬೇಡ, ರೂಮಲ್ಲಿ ಓಡಾಡಿ. ಎಲ್ಲೋ ಒಂದು ಕಡೆ ಕಬ್ಬಿಣದ ಬೀರು ಹಿಡಿ ಟಕಟಕ ಅನ್ನುತ್ತೆ, ಶೋಕೇಸ್ ಗಾಜು ಝರ್ ಅನ್ನುತ್ತೆ, ಮೇಲಿನ ಅಟ್ಟದಲ್ಲಿ ಕೊಳಗ ಕೊಡಪಾನ ಎಲ್ಲ ತಾಳ ಹಾಕ್ತವೆ. 'ಸ್ಪೀಕರ್ ಡಿಸ್ಟಾರ್ಟ್ ಆಗ್ತಿದೆ' ಅಂತ ನನಗೆ ಬರೋ ಪತ್ರಗಳಲ್ಲಿ ಅದೆಷ್ಟೋ ಬೀರುವಿನ ಹಿಡಿಯೇ ಇರ್ಬೇಕು ಅಂತ ನನ್ನ ಅನುಮಾನ. ರಬ್ಬರ್ ತುಂಡು ಸಿಗ್ಸಿ, ಮುಗೀತು.

ಮಾತು ಸ್ಪಷ್ಟ ಇಲ್ಲದಿರೋದಕ್ಕೆ ಕಾರಣ ಬೇರೆ, ಅದು ಖಾಲಿ ನೆಲ, ಖಾಲಿ ಗೋಡೆಯ ಪ್ರತಿಧ್ವನಿ. ಚಪ್ಪಾಳೆ ಹೊಡೆದ್ರೆ 'ಟ್ರಿಣ್' ಅಂತ ಬಾಲ ಬರುತ್ತಾ ನೋಡಿ. ನೆಲಕ್ಕೆ ದಪ್ಪ ಜಮಖಾನ, ಕಿಟಕಿಗೆ ಭಾರದ ಪರದೆ, ಪಕ್ಕದ ಗೋಡೆಗೆ ಪುಸ್ತಕದ ಕಪಾಟು, ಇಷ್ಟಕ್ಕೇ ಬಹಳ ತಹಬಂದಿಗೆ ಬರುತ್ತೆ. ಆದ್ರೆ ಜಮಖಾನ ಬೇಸನ್ನ ಮುಟ್ಟಲ್ಲ, ಅಂಗಡೀಲಿ ಮಾರೋ ಒಂದಿಂಚಿನ ಮೊಟ್ಟೆ ಟ್ರೇ ಥರದ ಫೋಮ್ ಅಂತೂ ಸುತರಾಂ ಮುಟ್ಟಲ್ಲ. ಬೇಸಿಗೆ ನಾಲ್ಕಿಂಚು ಅಥವಾ ಇನ್ನೂ ದಪ್ಪ ರಾಕ್‌ವೂಲ್ (ಕಲ್ಲಿನ ನಾರಿನ ಹಾಸು), ಬಟ್ಟೆ ಸುತ್ತಿ ಮೂಲೆಗಳಲ್ಲಿ. ಇಷ್ಟಾದ ಮೇಲೂ ಉಳಿದ್ರೆ ಒಂದು ಮೆಷರ್‌ಮೆಂಟ್ ಮೈಕ್ ಮತ್ತೆ ಪುಕ್ಕಟೆ ಸಿಗೋ ರೂಮ್ ಈಕ್ಯೂ ವಿಝಾರ್ಡ್ ಸಾಫ್ಟ್‌ವೇರ್, ಉಬ್ಬನ್ನ ಈಕ್ವಲೈಜರಲ್ಲಿ ಇಳಿಸಬಹುದು. ತಗ್ಗನ್ನ ತುಂಬೋಕೆ ಹೋಗ್ಬೇಡಿ, ಆಂಪ್ಲಿಫೈಯರ್ ಬಿಸಿಯಾಗುತ್ತೆ, ತಗ್ಗು ಹಾಗೇ ಇರುತ್ತೆ.

ಪ್ರಶ್ನೆ: ನಮ್ಮ ದೊಡ್ಡಪ್ಪನ ಮಗ ಗಲ್ಫಿನಿಂದ ಬರುವಾಗ ತಂದ ದೊಡ್ಡ ಸ್ಪೀಕರ್ ಉಂಟು, ಇಪ್ಪತ್ತು ವರ್ಷದ್ದು ಇರಬಹುದು, ಈಗ ನನಗೆ ಕಡಿಮೆಗೆ ಕೊಡ್ತೇನೆ ಅಂತಾನೆ. ಆಗ ಅದು ಭಾರೀ ರೇಟಿನದ್ದಂತೆ. ತಗೊಳ್ಳಬಹುದಾ ಮಾರಾಯ್ರೇ? (ಓದುಗರು, ಮಂಗಳೂರು)

ಉತ್ತರ: ತಗೊಳ್ಳಬಹುದು, ಆದ್ರೆ ಮುಂದಿನ ಬಟ್ಟೆ ತೆಗೆದು ನೋಡದೇ ದುಡ್ಡು ಕೊಡ್ಬೇಡಿ. ವೂಫರ್ ಸುತ್ತ ಒಂದು ಬಳೆ ಇರುತ್ತಲ್ಲ, ಅದು ಫೋಮ್ ಆಗಿದ್ರೆ ಹತ್ತು ಇಪ್ಪತ್ತು ವರ್ಷಕ್ಕೆ ತಾನಾಗೇ ಪುಡಿಯಾಗುತ್ತೆ, ನಿಮ್ಮ ಕರಾವಳಿಯ ತೇವಕ್ಕೆ ಇನ್ನೂ ಬೇಗ. ಬೆರಳಲ್ಲಿ ಹಗುರಕ್ಕೆ ಮುಟ್ಟಿ, ಅಂಟಂಟಾಗಿದ್ರೆ, ಬಿರುಕು ಬಿಟ್ಟಿದ್ರೆ ಬಳೆ ಬದಲಾಯ್ಸೋ ಖರ್ಚು ಸೇರ್ಸಿ ರೇಟ್ ಮಾತಾಡಿ. ರಬ್ಬರ್ ಬಳೆ ಆದ್ರೆ ಸಾಮಾನ್ಯವಾಗಿ ಚಿಂತೆ ಇಲ್ಲ. ಎರಡು ಕೈಯ ಬೆರಳು ಎದುರುಬದುರು ಇಟ್ಟು ಕೋನನ್ನ ಮೆಲ್ಲ ಒಳಗೆ ಒತ್ತಿ, ಕರಕರ ಅಂದ್ರೆ ಕಾಯಿಲ್ ಉಜ್ಜುತ್ತಾ ಇದೆ. ಮಲ್ಟಿಮೀಟರ್ ಇದ್ರೆ ಹಿಂದಿನ ಟರ್ಮಿನಲ್‌ಗೆ ಹಿಡೀರಿ, 8 ಓಮ್ ಅಂತ ಬರೆದಿರೋದು 6ರ ಆಸುಪಾಸು ತೋರಿಸಿದ್ರೆ ಸರಿ, ಎರಡೂ ಸ್ಪೀಕರ್ ಒಂದೇ ಥರ ತೋರಿಸ್ಬೇಕು.

ಟ್ವೀಟರ್ ಒಂದೊಂದಕ್ಕೂ ಕಿವಿ ಹತ್ರ ಇಟ್ಟು ಕೇಳಿ, ಒಂದು ಮಂಕಾಗಿದ್ರೆ ಗೊತ್ತಾಗಿಬಿಡುತ್ತೆ. ಒಳಗೆ ಕ್ರಾಸೋವರ್‌ನ (ಸ್ವರಗಳನ್ನ ವೂಫರಿಗೂ ಟ್ವೀಟರಿಗೂ ಹಂಚೋ ಸರ್ಕ್ಯೂಟ್) ಕೆಪಾಸಿಟರ್ ಒಣಗಿರಬಹುದು, ಅದು ದೊಡ್ಡ ಖರ್ಚಲ್ಲ, ಗೊತ್ತಿರೋ ಮೆಕ್ಯಾನಿಕ್ ಸಿಗ್ಬೇಕು ಅಷ್ಟೇ. ಆಮೇಲೆ ಡಬ್ಬಿ ಬುಡ. ಎಂಡಿಎಫ್ (ಮರದ ನಾರು ಒತ್ತಿ ಮಾಡಿದ) ಹಲಗೆ ನೀರು ಕುಡಿದ್ರೆ ಉಬ್ಬಿ ಬಿಸ್ಕತ್ತಾಗುತ್ತೆ, ಅದಕ್ಕೆ ಔಷಧಿ ಇಲ್ಲ. ಹಿಂದೆ ಸೀರಿಯಲ್ ನಂಬರ್ ಜೋಡಿಯಾ ನೋಡಿ. ಇಷ್ಟೂ ಪಾಸಾದ್ರೆ, ಇವತ್ತು ಆ ದುಡ್ಡಿಗೆ ಸಿಗೋ ಹೊಸ ಸ್ಪೀಕರ್‌ಗಿಂತ ಅದೇ ಮೇಲಿರೋ ಸಾಧ್ಯತೆ ಜಾಸ್ತಿ. ನೆಂಟರ ಹತ್ರ ವಾರಂಟಿ ಕೇಳೋಕಾಗಲ್ಲ, ಅದೊಂದೇ ತೊಂದ್ರೆ.

ಪ್ರಶ್ನೆ: ನನ್ನ ಹತ್ರ 40 ವ್ಯಾಟಿನ ಹಳೇ ಆಂಪ್ಲಿಫೈಯರ್ ಇದೆ. ಬಿಬಿಸಿಯ ಎಲ್‌ಎಸ್3/5ಎ ಥರದ ಪುಟ್ಟ ಸ್ಪೀಕರ್ ಮೇಲೆ ಕಣ್ಣಿದೆ, 83 ಡಿಬಿ ಅಂತೆ. ಓಡಿಸುತ್ತಾ? (ಓದುಗರು, ಶಿವಮೊಗ್ಗ)

ಉತ್ತರ: ಸಣ್ಣ ರೂಮಾದ್ರೆ ಓಡಿಸುತ್ತೆ, ಅಂಚಲ್ಲಿ. ಲೆಕ್ಕ ನೋಡಿ, ಒಂದು ವ್ಯಾಟಿಗೆ ಒಂದು ಮೀಟರ್ ದೂರದಲ್ಲಿ 83, ವ್ಯಾಟ್ ದುಪ್ಪಟ್ಟು ಮಾಡಿದಾಗೆಲ್ಲ 3 ಡಿಬಿ ಕೂಡುತ್ತೆ, 40 ವ್ಯಾಟಿಗೆ 16 ಕೂಡಿ 99. ಎರಡನೇ ಸ್ಪೀಕರಿಗೆ ಮೂರು ಸೇರ್ಸಿ, ಹತ್ತಡಿ ದೂರ ಕೂತಿದ್ದಕ್ಕೆ ಆರು ಕಳೀರಿ, 96. ಮಾಮೂಲು ಕೇಳೋ ಮಟ್ಟ 75 ಅಂದ್ರೂ ಮೃದಂಗದ ಒಂದು ಪೆಟ್ಟು ಅದಕ್ಕಿಂತ ಇಪ್ಪತ್ತು ಡಿಬಿ ಮೇಲೆ ಹಾರುತ್ತೆ, ಅಲ್ಲಿಗೆ ಮುಗೀತು ನಿಮ್ಮ ಆಂಪ್ಲಿಫೈಯರ್. ಇದಕ್ಕೆ ಎದುರು ತುದೀಲಿ 1946ರಿಂದ ಬರ್ತಿರೋ ಕ್ಲಿಪ್ಷ್‌ಹಾರ್ನ್ ಇದೆ, ಕಂಪನಿ ಹೇಳೋ ಪ್ರಕಾರ 105 ಡಿಬಿ, ಅದಕ್ಕೆ ಐದು ವ್ಯಾಟ್ ಸಾಕು, ಆದ್ರೆ ರೂಮಿನ ಎರಡು ಮೂಲೆ ಅದಕ್ಕೇ ಬರೆದುಕೊಡ್ಬೇಕು. ನೀವು ಪಾರ್ಟಿ ಮಾಡೋರಲ್ಲ ಅಂದ್ರೆ ಪುಟ್ಟದ್ದೇ ತಗೊಳಿ. ವಾಲ್ಯೂಮ್ ನಾಬನ್ನ ಗಡಿಯಾರದಲ್ಲಿ ಮೂರು ಗಂಟೆ ಇರೋ ಜಾಗ ದಾಟಿಸಿ ಕ್ಲಿಪ್ ಮಾಡ್ಬೇಡಿ (ಆಂಪ್ಲಿಫೈಯರ್ ಸಾಮರ್ಥ್ಯ ಮೀರಿ ಸೌಂಡ್ ಒಡೆಯೋ ಹಾಗೆ), ಟ್ವೀಟರ್ ಸುಡೋದು ಹಾಗೇನೇ.

ಪ್ರಶ್ನೆ: ಐವತ್ತು ಸಾವಿರದ ಕೇಬಲ್ ಹಾಕಿದ್ರೆ ಸೌಂಡ್ ಸುಧಾರಿಸುತ್ತಾ? (ಓದುಗರು, ತುಮಕೂರು)

ಉತ್ತರ: ಇಲ್ಲ. 2.5 ಸ್ಕ್ವೇರ್ ಎಂಎಂ ತಾಮ್ರದ ವೈರ್ ಐದು ಮೀಟರ್ ಎಳೆದ್ರೆ ಹೋಗಿ ಬರೋಕೆ ಸೇರ್ಸಿ ರೆಸಿಸ್ಟೆನ್ಸ್ 0.07 ಓಮ್ ಆಗುತ್ತೆ ಅಷ್ಟೇ. ಆ ಐವತ್ತು ಸಾವಿರ ಸ್ಪೀಕರಿಗೆ ಹಾಕಿ, ಇಲ್ಲಾ ರಾಕ್‌ವೂಲಿಗೆ.

ಪ್ರಶ್ನೆ: ಹೊಸ ಸ್ಪೀಕರ್ ಚುಚ್ಚೋ ಹಾಗೆ ಕೇಳ್ಸುತ್ತೆ. ಅಂಗಡಿಯವರು 300 ಗಂಟೆ ಓಡಿ ಪಳಗ್ಬೇಕು (ಬರ್ನ್-ಇನ್), ಆಮೇಲೆ ಸರಿ ಹೋಗುತ್ತೆ ಅಂತಾರೆ. (ಓದುಗರು, ಬಳ್ಳಾರಿ)

ಉತ್ತರ: ವಾಪಸ್ ತಗೊಳೋ ಅವಧಿ ಎಷ್ಟು ದಿನ ಅಂತ ಮೊದಲು ಬಿಲ್ ತೆಗೆದು ನೋಡಿ. ದಿನಕ್ಕೆ ಎರಡು ಗಂಟೆ ಹಾಕಿದ್ರೆ 300 ಗಂಟೆಗೆ ಐದು ತಿಂಗಳು, ಅಷ್ಟರಲ್ಲಿ ಯಾವ ಅಂಗಡಿ ವಾಪಸ್ ತಗೊಳುತ್ತೆ ಹೇಳಿ? ವೂಫರಿನ ಸಸ್ಪೆನ್ಷನ್ ಹೊಸದರಲ್ಲಿ ಸ್ವಲ್ಪ ಬಿಗಿ ಇರುತ್ತೆ, ಸಡಿಲ ಆಗುತ್ತೆ, ನಿಜ, ಆದ್ರೆ ಅದು ಬೇಸ್ ಕಡೆ ಮಾತು, ಅಳೆದ್ರೆ ಸಿಗೋ ವ್ಯತ್ಯಾಸಾನೂ ಸಣ್ಣದು. ಚುಚ್ಚೋ ಟ್ರೆಬಲ್ ಅಂಥದ್ದೇನೂ ಮೆತ್ತಗಾಗಲ್ಲ, ನಿಮ್ಮ ಕಿವಿ ಒಗ್ಗಿಕೊಳುತ್ತೆ ಅಷ್ಟೇ. ಸ್ಪೀಕರನ್ನ ನಿಮ್ಮ ಕಡೆ ನೇರ ತಿರುಗಿಸಿದ್ರೆ ಸ್ವಲ್ಪ ಆಚೆ ತಿರುಗಿಸಿ, ಜಮಖಾನ ಹಾಸಿ, ಹಾಗೂ ಚುಚ್ಚಿದ್ರೆ ವಾಪಸ್ ಕೊಡಿ.

ಪ್ರಶ್ನೆ: ನನಗೆ 66 ವರ್ಷ, ರಿಟೈರ್ ಆಗಿದೀನಿ. ಪೆನ್ಷನ್ ದುಡ್ಡಲ್ಲಿ ಒಳ್ಳೆ ಸ್ಪೀಕರ್ ತಗೊಂಡು ಕರ್ನಾಟಕ ಸಂಗೀತ ಕೇಳ್ಬೇಕು ಅಂತ ಆಸೆ. ಮಗ 'ನಿಮಗೆ ಹೈ ಫ್ರೀಕ್ವೆನ್ಸಿ ಕೇಳ್ಸೋದೇ ಇಲ್ಲ, ದಂಡ' ಅಂತಾನೆ. ಅವನು ಹೇಳೋದು ಸರೀನಾ? (ಓದುಗರು, ಹಾಸನ)

ಉತ್ತರ: ಅರ್ಧ ಸರಿ. ವಯಸ್ಸಾಗ್ತಾ ಮೇಲಿನ ತುದಿ ಹೋಗುತ್ತೆ, ನಿಮ್ಮ ವಯಸ್ಸಿಗೆ 15,000 ಹರ್ಟ್ಜ್ ಕೇಳ್ಸಲ್ಲ. ಅಲ್ಲಿ ಸಂಗೀತ ಇರೋದೂ ಕಮ್ಮಿ. ದೊಡ್ಡ ಪಿಯಾನೋದ ಕೊನೇ ಮನೆಯ ಸ್ವರವೇ 4,186 ಹರ್ಟ್ಜ್, ನಮ್ಮ ಗಾಯನ, ಪಿಟೀಲು, ವೀಣೆಯ ಮೂಲ ಸ್ವರಗಳೆಲ್ಲ ಅದಕ್ಕಿಂತ ಕೆಳಗೇ. ಜೀವಮಾನ ಕಛೇರಿ ಕೇಳಿದ ಕಿವಿಗೆ ದನಿ ಸಹಜವಾಗಿದೆಯಾ ಇಲ್ವಾ ಅಂತ ನಿಮ್ಮ ಮಗನಿಗಿಂತ ಚೆನ್ನಾಗೇ ಗೊತ್ತಾಗುತ್ತೆ.

ಆದ್ರೆ ಒಂದು ವಿಷಯ ಮುಚ್ಚಿಡಲ್ಲ. ಕೆನಡಾದ ನ್ಯಾಷನಲ್ ರಿಸರ್ಚ್ ಕೌನ್ಸಿಲಲ್ಲಿ ಇದ್ದಾಗ, ಮೊದಲು ಹೇಳಿದ ಅದೇ ಟೂಲ್ ಗಮನಿಸಿದ್ದು ಏನಂದ್ರೆ, ಕಿವಿ ಮಂದವಾಗಿರೋರು ಸ್ಪೀಕರಿಗೆ ಕೊಡೋ ಅಂಕ ಸ್ಥಿರವಾಗಿರಲ್ಲ, ಅದೇ ಸ್ಪೀಕರಿಗೆ ಒಂದ್ಸಲ ಹೆಚ್ಚು ಒಂದ್ಸಲ ಕಮ್ಮಿ. ಹಾಗಾಗಿ ಎರಡು ಕೆಲಸ. ಒಂದು, ಹಾಸನದಿಂದ ಮೈಸೂರು ದೂರವೇನಲ್ಲ, ಮಾನಸಗಂಗೋತ್ರೀಲಿರೋ ವಾಕ್ ಶ್ರವಣ ಸಂಸ್ಥೇಲಿ ಒಂದು ಆಡಿಯೋಗ್ರಾಂ (ಕಿವಿ ಪರೀಕ್ಷೆ) ಮಾಡಿಸ್ಕೊಳಿ, ಎಡ ಬಲ ಕಿವಿ ಸಮ ಇದ್ಯಾ ಅಂತಾದ್ರೂ ಗೊತ್ತಾಗುತ್ತೆ, ಸಮ ಇಲ್ದಿದ್ರೆ ದನಿ ಮಧ್ಯ ನಿಲ್ಲದೇ ಇರೋದಕ್ಕೆ ಸ್ಪೀಕರನ್ನ ಬೈಯೋದು ತಪ್ಪುತ್ತೆ. ಎರಡು, ಡೆಮೊಗೆ ಮನೇಲಿರೋ ಚಿಕ್ಕವರನ್ನ ಕರ್ಕೊಂಡು ಹೋಗಿ, ಮಗ ಬರಲ್ಲ ಅಂದ್ರೆ ಸೊಸೆನೋ ಮೊಮ್ಮಗಳೋ. ಟ್ರೆಬಲ್ ಚುಚ್ಚುತ್ತಾ ಅಂತ ಅವರು ಹೇಳ್ಲಿ, ಗಾಯಕರ ದನಿ ಸರಿ ಇದ್ಯಾ ಅಂತ ನೀವು ಹೇಳಿ. ದಿನಾ ಆ ರೂಮಲ್ಲಿ ಅದನ್ನ ಸಹಿಸ್ಕೋಬೇಕಾದೋರು ಅವರೂ ತಾನೇ.

ಪ್ರಶ್ನೆ: ಸ್ಪೀಕರ್ ಮುಂದಿನ ಗ್ರಿಲ್ ಬಟ್ಟೆ ತೆಗೆದು ಕೇಳ್ಬೇಕಾ, ಹಾಕಿ ಕೇಳ್ಬೇಕಾ? (ಓದುಗರು, ರಾಜಾಜಿನಗರ, ಬೆಂಗಳೂರು)

ಉತ್ತರ: ಡೆಮೊದಲ್ಲಿ ಎರಡೂ ಥರ ಕೇಳಿ, ಬಹಳ ಸ್ಪೀಕರ್‌ಗಳಲ್ಲಿ ತೆಗೆದಾಗ ಮೇಲಿನ ಸ್ವರ ಒಂದು ಕೂದಲೆಳೆ ಚೊಕ್ಕ. ಕೆಲವು ಕಂಪನಿಗಳು ಗ್ರಿಲ್ ಹಾಕೇ ಟ್ಯೂನ್ ಮಾಡಿರ್ತಾರೆ, ಹಾರ್ಬೆತ್ ಅಂಥದ್ದು. ಮನೇಲಿ ಸಣ್ಣ ಮಕ್ಕಳಿದ್ರೆ ಮಾತ್ರ ಈ ಚರ್ಚೆಯೇ ಬೇಡ, ಗ್ರಿಲ್ ಹಾಕೇ ಇಡಿ. ವೂಫರಿನ ನಡುವಿನ ಆ ಗುಂಡು ಟೋಪಿ ಕಂಡ್ರೆ ಬೆರಳಲ್ಲಿ ಒತ್ತದೇ ಇರೋ ಮಗು ಇನ್ನೂ ಹುಟ್ಟಿಲ್ಲ.